ಮಾಳಿಗೆಯ ಮೇಲೊಂದು ಒಡ್ಡು

ಮಾಮಲೇದಾರ ಕಚೇರಿಯಲ್ಲಿ ಅವ್ವಲ್ ಕಾರಕೂನನಾಗಿದ್ದಷ್ಟು ಕಾಲವೂ ನಾನು ಒಂದು ಕೆಲಸವನ್ನು ಮನಸ್ಸಿಟ್ಟು ಮಾಡಿದ್ದೇನೆ. ಒಬ್ಬನ ಹೊಲದ ನೀರು ಇನ್ನೊಬ್ಬನ ಹೊಲಕ್ಕೆ ನುಗ್ಗದಂತೆ ನೋಡಿಕೊಂಡಿದ್ದೇನೆ. ನಮ್ಮ ಎರೆಭೂಮಿಯ ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳುವಾಗ ಸುಮ್ಮನಿದ್ದು, ಮೊದಲ ಮಳೆ ಬಿದ್ದಕೂಡಲೆ ಒಡ್ಡಿನ ಸಲುವಾಗಿ ಕೊಡಲಿ ಹಿಡಿದು ನಿಲ್ಲುತ್ತಾರೆ. ಅಂಥ ಹೊಲಗಳಲ್ಲಿ ಮೊಣಕಾಲುದ್ದ ಕೆಸರಿನೊಳಗೆ ನಿಂತು, ಇಲ್ಲಿ ಒಡ್ಡು, ಅಲ್ಲಿ ಕೋಡಿ ಎಂದು ಕೈತೋರಿಸಿ, ಉಭಯ ಪಕ್ಷದವರಿಂದಲೂ ಬೈಸಿಕೊಂಡು ಬಂದವನು ನಾನು. ನೀರಿನ ಸ್ವಭಾವ ನನಗೆ ತಿಳಿದಷ್ಟು ಮೀನಿಗೂ ತಿಳಿದಿರಲಿಕ್ಕಿಲ್ಲ.

ಇಂಥ ಅನುಭವವುಳ್ಳವನಿಗೆ ತನ್ನ ಸ್ವಂತ ಮನೆಯ ಮಾಳಿಗೆಯನ್ನು ದುರಸ್ತಿ ಮಾಡಿಕೊಳ್ಳುವುದು ಎಷ್ಟರ ಮಾತು ಎಂದು ಯಾರಾದರೂ ಕೇಳಬಹುದು. ನಾನೂ ಹಾಗೆಯೇ ಕೇಳಿದ್ದೆ. ಗಟ್ಟಿಯಾಗಿ, ಓಣಿಗೆಲ್ಲ ಕೇಳಿಸುವಂತೆ ಕೇಳಿದ್ದೆ.

ನಮ್ಮ ಮನೆ ಹಳೇ ಹುಬ್ಬಳ್ಳಿಯಲ್ಲಿ. ತೊಲೆ, ಜಂತಿ, ಅವುಗಳ ಮೇಲೆ ಹಲಗೆ, ಹಲಗೆಯ ಮೇಲೆ ಮೊಳದಷ್ಟು ಮಣ್ಣು. ಹೀಗೆ ಅಜ್ಜನ ಕಾಲದಲ್ಲಿ ಕಟ್ಟಿದ ಮಣ್ಣಿನ ಮಾಳಿಗೆ. ಪಕ್ಕದ ಮನೆಯೂ ಅಂಥದೇ. ಎರಡಕ್ಕೂ ನಡುವೆ ಒಂದೇ ಗೋಡೆ. ಮೇಲೆ ಹತ್ತಿದರೆ ಎರಡೂ ಮಾಳಿಗೆ ಕೂಡಿ ಒಂದೇ ಬಯಲು. ಸರಹದ್ದಿನ ಗುರುತಿಗೆ ನಡುವೆ ಒಂದು ಸಾಲು ಚಪ್ಪಡಿ ಕಲ್ಲು ಮಾತ್ರ. ಪಕ್ಕದ ಮನೆಯಲ್ಲಿ ರುದ್ರಪ್ಪನೆಂಬ ಅರಳೆಯ ವ್ಯಾಪಾರಿ ಇದ್ದ. ಆತನೊಂದಿಗೆ ನಾನು ಮಾತು ಬಿಟ್ಟಿದ್ದೆ.

ಕಾರಣ ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ನಾನು ಪಿಂಚಣಿ ಪಡೆದು ಊರಿಗೆ ಬಂದ ವರ್ಷ ಓಣಿಯ ಒಂದು ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸಿದ್ದರು. ತುಪ್ಪ ಬಡಿಸುವವನು ನನ್ನ ಎಲೆಯ ಮುಂದೆ ಬಾಗಿದಾಗ, ಎದುರಿಗೆ ಕೂತ ರುದ್ರಪ್ಪ, “ಅವರಿಗೆ ಸಾಕೋ ತಮ್ಮಾ, ಕಚೇರ್ಯಾಗ ಜನ್ಮಕ್ಕಾಗುವಷ್ಟ ತುಪ್ಪ ಉಂಡ ಬಂದಾರ” ಅಂದ. ಇಡೀ ಪಂಕ್ತಿ ನಕ್ಕಿತು. ಬಡಿಸುವವನು ತುಪ್ಪದ ಗಿಂಡಿಯನ್ನು ಎತ್ತಿಕೊಂಡು ಮುಂದಿನ ಎಲೆಗೆ ಹೋಗಿಯೇಬಿಟ್ಟ. ಲಂಚವನ್ನು ಬೆರಳ ತುದಿಯಿಂದಲೂ ಮುಟ್ಟದ ನನಗೆ ಆ ಮಾತು! ಅಂದು ಒಣ ಹೋಳಿಗೆ ತಿಂದು ಎದ್ದವನು ರುದ್ರಪ್ಪನನ್ನು ನನ್ನ ಮಾತಿನಿಂದ ಖಾಯಂ ಆಗಿ ವಜಾ ಮಾಡಿದೆ. ನಾನು ಬಿಟ್ಟೆನೆಂದು ತಾನೂ ಬಿಟ್ಟ. ನಮ್ಮ ನಮ್ಮ ಹೆಂಡಂದಿರು ಮಾತ್ರ ಹಿತ್ತಲಗೋಡೆಯ ಮೇಲಿಂದ ಮಜ್ಜಿಗೆ, ಉಪ್ಪಿನಕಾಯಿ, ಓಣಿಯ ಸುದ್ದಿ ಎಲ್ಲವನ್ನೂ ದಾಟಿಸುತ್ತಲೇ ಇದ್ದರು. ಅವರಿಗೆ ತತ್ವಕ್ಕಿಂತ ಮಜ್ಜಿಗೆ ದೊಡ್ಡದು.

ಇನ್ನು ಗಾಳಿಮಳೆಯ ವಿಷಯ. ಆ ವರ್ಷ ಬೇಸಿಗೆಯ ಕೊನೆಗೆ ಬಂದ ಅಡ್ಡಮಳೆ ಸಾಧಾರಣದ್ದಲ್ಲ. ಮೊದಲು ಕೆಂಧೂಳಿ ಎದ್ದು ಹಗಲೇ ಕತ್ತಲೆಯಾಯಿತು. ಆಮೇಲೆ ಗಾಳಿ, ಗಾಳಿಯ ಬೆನ್ನಿಗೆ ಆಣೆಕಲ್ಲು. ನಮ್ಮ ಅಡಿಗೆಮನೆಯ ಬೆಳಕಿಂಡಿಯ ಮೇಲೆ ಮುಚ್ಚಿದ್ದ ದೊಡ್ಡ ತಗಡು ಒಮ್ಮೆ ಗಡಗಡ ಸದ್ದು ಮಾಡಿ, ನನ್ನ ಪರವಾನಗಿ ಇಲ್ಲದೆ ಹಾರಿಹೋಯಿತು. ಆ ತಗಡನ್ನು ನಾನು ನವಲಗುಂದದಲ್ಲಿ ನೌಕರಿಯಲ್ಲಿದ್ದಾಗ ಆರಿಸಿ ತಂದಿದ್ದೆ. ಮಳೆ ನಿಂತ ಮೇಲೆ ಓಣಿಯ ಮೂಲೆ ಮೂಲೆ ಹುಡುಕಿದೆ, ಸಿಗಲಿಲ್ಲ. ಅದು ಯಾರ ಮನೆ ಸೇರಿತೆಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಪುರಾವೆ ಇರಲಿಲ್ಲ, ಅಷ್ಟೇ. ಸದ್ಯಕ್ಕೆ ಬೆಳಕಿಂಡಿಯ ಮೇಲೆ ಹಿಟ್ಟು ನಾದುವ ಪರಾತ ಬೋರಲು ಹಾಕಿದೆ. ಅಂದು ರಾತ್ರಿ ನಮಗೆ ರೊಟ್ಟಿ ಸಿಗಲಿಲ್ಲ. ಹಿಟ್ಟು ಯಾವುದರಲ್ಲಿ ನಾದಬೇಕೆಂದು ನಮ್ಮವಳು ಗಂಗವ್ವ ಕೇಳಿದಳು. ದೊಡ್ಡ ಕೆಲಸದಲ್ಲಿರುವವರನ್ನು ಇಂಥ ಪ್ರಶ್ನೆ ಕೇಳಬಾರದು.

ಬೆಳಕಿಂಡಿಯದು ಸಣ್ಣ ಮಾತು. ಗಾಳಿಮಳೆಗೆ ಮಾಳಿಗೆಯ ಮಣ್ಣು ಕೊಚ್ಚಿಹೋಗಿ ಒಳಕೋಣೆ ಸೋರತೊಡಗಿತ್ತು. ಅದು ಸೋರಬಾರದ ಕೋಣೆ. ನಮಗೆ ಉಳಿದ ಒಬ್ಬಳೇ ಮಗಳು ಶಾಂತಾಳನ್ನು ಗದಗಿಗೆ ಕೊಟ್ಟಿದ್ದೆವು. ಅವಳಿಗೆ ಸೀಮಂತದ ಕುಬಸ ಮುಗಿದಿತ್ತು, ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ವಾಡಿಕೆಯ ಪ್ರಕಾರ ನಾವು ಹೋಗಿ ಕರೆತರಬೇಕು. ಆದರೆ ಬೀಗತಿ ಬಸಮ್ಮನವರು ಗದಗಿನಿಂದ ಬಂದವರೊಬ್ಬರ ಕೈಯಲ್ಲಿ ಹೇಳಿಕಳಿಸಿದ್ದರು: ತಾವೇ ಕರೆದುಕೊಂಡು ಬರುವುದಾಗಿಯೂ, ಬಾಣಂತಿಯ ಕೋಣೆಯನ್ನು ಕಣ್ಣಿಂದ ನೋಡುವುದಾಗಿಯೂ, ಅದು ಬೆಚ್ಚಗೆ ಒಣಗಿ ಇದ್ದರೆ ಸೊಸೆಯನ್ನು ಬಿಟ್ಟುಹೋಗುವುದಾಗಿಯೂ, ಇಲ್ಲದಿದ್ದರೆ ಬಂದ ಹಾಗೆಯೇ ಹಿಂದಕ್ಕೆ ಕರೆದೊಯ್ಯುವುದಾಗಿಯೂ. ಅವರ ಹಿರಿಯ ಸೊಸೆ ತವರಿನ ಹಸಿ ಕೋಣೆಯಲ್ಲಿ ಬಾಣಂತಿಯಾಗಿ ಸನ್ನಿ ಹಿಡಿದು ತೀರಿಹೋಗಿದ್ದಳು. ಹಾಗಾಗಿ ಈ ಮಾತಿಗೆ ನಾವು ಎದುರಾಡುವಂತಿರಲಿಲ್ಲ.

ತವರಿನಲ್ಲಿ ಹೆರಿಗೆಯಾಗದಿದ್ದರೆ ಜನ ಏನೆಂದಾರು ಎಂಬುದು ನನ್ನ ಚಿಂತೆ. ಗಂಗವ್ವ ಜನರ ವಿಷಯ ಒಂದು ಮಾತೂ ಆಡಲಿಲ್ಲ. ಅವಳು ಹಳೆಯ ಸೀರೆಗಳನ್ನು ಒಗೆದು, ಮೆತ್ತಗೆ ಮಾಡಿ, ಕೂಸಿಗೆ ಬಟ್ಟೆ ಹರಿದಿಟ್ಟಿದ್ದಳು. ಬಾಣಂತಿಗೆಂದು ಅಂಟಿನುಂಡಿಯ ಸಾಮಾನು ತಂದಿಟ್ಟಿದ್ದಳು. ಕೋಣೆಯಲ್ಲಿ ಮಲಗಲು ಹೊರಸು ಹಾಕಿ, ಅದರ ಕೆಳಗೆ ಅಗ್ಗಿಷ್ಟಿಕೆಯ ಜಾಗ ಸಾರಿಸಿಟ್ಟಿದ್ದಳು. ಈಗ ಆ ಹೊರಸಿನ ನಟ್ಟನಡುವೆ ನೀರು ತೊಟ್ಟಿಕ್ಕುತ್ತಿತ್ತು.

“ಗೌಂಡಿನ್ನ ಕರಸ್ರಿ” ಅಂದಳು.

ಗೌಂಡಿಯನ್ನು ಕರೆಸುವುದು ಸಾಧ್ಯವಿರಲಿಲ್ಲ. ಹಿಂದಿನ ವರ್ಷ ನನಗೆ ಬರುತ್ತೇನೆಂದು ಮಾತು ಕೊಟ್ಟು, ಅವನು ಮೊದಲು ರುದ್ರಪ್ಪನ ಮಾಳಿಗೆಗೆ ಸುಣ್ಣದ ಗಚ್ಚು ಹಾಕಲು ಹೋಗಿದ್ದ. ಅವನೊಡನೆಯೂ ನಾನು ಮಾತು ಬಿಟ್ಟಿದ್ದೆ. ಆದ್ದರಿಂದ ದುರಸ್ತಿಯ ಸಂಪೂರ್ಣ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡಿದ್ದೇನೆಂದು ಗಂಗವ್ವನಿಗೆ ತಿಳಿಸಿದೆ. ಅವಳು ದೇವರ ಕೋಣೆಗೆ ಹೋಗಿ ದೀಪ ಹಚ್ಚಿದಳು. ಸಂಜೆಯಾಗಿತ್ತೆಂದು ಹಚ್ಚಿದಳೆಂದೇ ಆಗ ತಿಳಿದಿದ್ದೆ.

ಮಾಳಿಗೆಗೆ ಮಣ್ಣು ಬೇಕು. ನಾನು ಪರಿಚಯದ ರೈತನೊಬ್ಬನಿಗೆ ಹೇಳಿ ಅವನ ಹೊಲದಿಂದ ಒಂದು ಬಂಡಿ ಒಳ್ಳೆಯ ಎರೆಮಣ್ಣು ತರಿಸಿದೆ. ಕಪ್ಪಗೆ, ಜಿಗುಟಾಗಿ, ಕೈಯಲ್ಲಿ ಹಿಡಿದರೆ ಬಿಡದಂಥ ಮಣ್ಣು. ಬಂಡಿಯನ್ನು ಕಂಡು ಗಂಗವ್ವ ಬಾಗಿಲಲ್ಲೇ ನಿಂತಳು.

“ಎರಿಮಣ್ಣ ಮಾಳಿಗಿಗೆ ಯಾರ ಹಾಕತಾರ್ರಿ? ಬಿಸಲ ಬಿದ್ದ ಕೂಡ್ಲೆ ಬಿರಕ ಬಿಡತೈತಿ. ಎಲ್ಲಾರೂ ಸವಳ ಮಣ್ಣ ಹಾಕತಾರ.”

“ಎರಿಮಣ್ಣ ನೀರ ಹಿಡಕೋತೈತೋ ಇಲ್ಲೋ?”

“ಹಿಡಕೋತೈತಿ.”

“ಹಿಡಕೊಂಡ ನೀರ ಕೆಳಗ ಹೆಂಗ ಬರತೈತಿ?”

ಇಂಥ ಎರಡು ಪ್ರಶ್ನೆ ಕೇಳಿ ನಾನು ಕಚೇರಿಯಲ್ಲಿ ಎಷ್ಟೋ ತಕರಾರುಗಳನ್ನು ಮುಗಿಸಿದ್ದೆ. ಅವಳು ಒಳಗೆ ಹೋದಳು. ಅಟ್ಟದ ಮೇಲಿದ್ದ ಪಾತ್ರೆಗಳನ್ನೆಲ್ಲ ಒಂದೊಂದಾಗಿ ಕೆಳಗಿಳಿಸತೊಡಗಿದಳು. ಅದೇ ಉತ್ತರವೆಂಬುದು ನನಗೆ ಹೊಳೆಯಲಿಲ್ಲ.

ಮಣ್ಣು ಹರಡಿ ತುಳಿದದ್ದಾಯಿತು. ಬಿಸಿಲು ಬಿತ್ತು. ಮಾಳಿಗೆ ಬಿರುಕು ಬಿಟ್ಟ ರೀತಿಯನ್ನು ಹೇಗೆ ವರ್ಣಿಸಲಿ! ನನ್ನ ಊರುಗೋಲು ಒಂದು ಬಿರುಕಿನಲ್ಲಿ ಹಿಡಿಕೆಯ ತನಕ ಇಳಿಯಿತು. ಕೆಳಗಿನಿಂದ ಗಂಗವ್ವ ಕೂಗಿ, ಜಂತಿಯ ಸಂದಿನಲ್ಲಿ ಯಾವುದೋ ಕೋಲಿನ ತುದಿ ಕಾಣುತ್ತಿದೆ, ಅದು ಏನೆಂದು ಕೇಳಿದಳು. ನಾನು ಕೋಲನ್ನು ಎಳೆದುಕೊಂಡೆ, ಏನೂ ಇಲ್ಲವೆಂದೆ.

ಮುಂದಿನ ಮಳೆಗೆ ಸೋರಿಕೆ ನನ್ನೊಡನೆ ಆಟಕ್ಕೇ ನಿಂತಿತು. ಹೊರಸಿನ ಮೇಲೆ ತೊಟ್ಟಿಕ್ಕಿದಲ್ಲಿ ಗುರುತು ಹಾಕಿಕೊಂಡು, ಮೇಲೆ ಹತ್ತಿ, ಸರಿಯಾಗಿ ಅಲ್ಲಿಯೇ ಮಣ್ಣು ಮೆತ್ತಿ ಇಳಿದು ಬಂದರೆ, ಹೊರಸು ಬಿಟ್ಟು ಬಾಗಿಲ ಬಳಿ ತೊಟ್ಟಿಕ್ಕುತ್ತಿತ್ತು. ಬಾಗಿಲ ಮೇಲೆ ಮೆತ್ತಿದರೆ ಪಡಸಾಲೆಗೆ ಬಂತು. ಪಡಸಾಲೆಯ ಮೇಲೆ ಮೆತ್ತಿದರೆ ಎಲ್ಲಿಯೂ ಕಾಣಲಿಲ್ಲ. ಗೆದ್ದೆನೆಂದು ಕೂತಾಗ ನನ್ನ ನೆತ್ತಿಯ ಮೇಲೆಯೇ ಬಿತ್ತು. ಕೆಳಗಿನ ಎಡಗಡೆ ಮೇಲೆ ಹತ್ತಿದಾಗ ಬಲಗಡೆ ಆಗುತ್ತದೆಯೋ, ಅಥವಾ ನಾನು ನಿಚ್ಚಣಿಕೆಯ ಮೇಲೆ ತಿರುಗಿದಾಗ ಮನೆಯೇ ತಿರುಗುತ್ತದೆಯೋ ತಿಳಿಯದಾಯಿತು. ಒಂದು ಸಲ ಬಹಳ ಹೊತ್ತು ಲೆಕ್ಕ ಹಾಕಿ, ಇದೇ ಒಳಕೋಣೆಯ ಮೇಲ್ಭಾಗವೆಂದು ನಿಶ್ಚಯಿಸಿ ಕಾಲಿಂದ ಬಲವಾಗಿ ತುಳಿದೆ. ಕೆಳಗೆ ಅಡಿಗೆಮನೆಯಲ್ಲಿ ಪರಾತ ಬಿದ್ದು ಒಲೆ ಆರಿತು.

ಮನೆಯ ಪಾತ್ರೆಗಳೆಲ್ಲ ನೀರು ಹಿಡಿಯುವ ಕೆಲಸಕ್ಕೆ ನೇಮಕವಾಗಿದ್ದುದರಿಂದ ಅಂದು ಅಡಿಗೆಯಾಗಲಿಲ್ಲ. ಆದರೂ ಹೊತ್ತಿಗೆ ಸರಿಯಾಗಿ ಬಿಸಿ ರೊಟ್ಟಿ, ಝುಣಕ ಮುಂದೆ ಬಂತು. ಅದು ಯಾವ ಮನೆಯದೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಉಪವಾಸ ಮಲಗಬೇಕಾಗುತ್ತಿತ್ತು.

ಇಷ್ಟರಲ್ಲಿ ನನಗೆ ಮೂಲ ಕಾರಣ ಸಿಕ್ಕಿತು. ಛತ್ರಿ ಹಿಡಿದು ಮಳೆಯಲ್ಲೇ ಮೇಲೆ ಹತ್ತಿದಾಗ ಕಣ್ಣಾರೆ ಕಂಡೆ: ರುದ್ರಪ್ಪನ ಮಾಳಿಗೆಯ ಕಡೆ ನೀರು ನಿಂತು, ಚಪ್ಪಡಿಗಳ ಸಂದಿನಿಂದ ಮೆಲ್ಲಗೆ ನನ್ನ ಸರಹದ್ದಿನೊಳಗೆ ಬರುತ್ತಿತ್ತು. ಎಷ್ಟು ವರ್ಷಗಳ ಅನುಭವ ನನ್ನೊಳಗೆ ಒಮ್ಮೆಲೇ ಎದ್ದು ನಿಂತಿತು! ಹೊಲದಲ್ಲಿ ನಡೆಯುವುದೇ ಇಲ್ಲಿಯೂ ನಡೆದಿತ್ತು. ತುಪ್ಪವನ್ನು ತಡೆದವನು ಈಗ ನೀರನ್ನು ಕಳಿಸುತ್ತಿದ್ದ. ಇದಕ್ಕೆ ಪರಿಹಾರವೂ ಹೊಲದ್ದೇ. ಸರಹದ್ದಿನ ಉದ್ದಕ್ಕೂ, ಕಲ್ಲಿನ ಸಾಲಿಗೆ ಹೊಂದಿ, ನನ್ನ ಜಾಗದಲ್ಲಿ, ಮೊಣಕಾಲೆತ್ತರದ ಒಂದು ಒಡ್ಡು.

ಮಿಕ್ಕಿದ ಎರೆಮಣ್ಣನ್ನು ಮೇಲೇರಿಸಿ ಕೆಲಸ ಹಿಡಿದೆ. ಒಡ್ಡು ಅರ್ಧವಾಗಿದ್ದಾಗ ರುದ್ರಪ್ಪ ತನ್ನ ಮಾಳಿಗೆಗೆ ಹತ್ತಿ ಬಂದ. ನನ್ನನ್ನು ನೋಡಿದ, ಒಡ್ಡನ್ನು ನೋಡಿದ, ಗಂಟಲು ಸರಿಮಾಡಿಕೊಂಡ. ಆದರೆ ಮಾತಾಡುವ ಹಾಗಿಲ್ಲವಲ್ಲ. ಮಾಳಿಗೆಯ ಅಂಚಿನ ಕುಂಬಿಯ ಮೇಲೆ ಒಂದು ಕಾಗೆ ಕೂತಿತ್ತು. ಅದರ ಕಡೆ ತಿರುಗಿದ.

“ಏ ಕಾಗಿ, ಅಲ್ಲಿ ಒಡ್ಡ ಹಾಕಬ್ಯಾಡ. ನೀರಿಗೆ ಹಾದಿ ಬೇಕಲಾ.”

ಕಾಗೆ ಕುಂಬಿಗೆ ಕೊಕ್ಕು ತಿಕ್ಕಿತು. ನಾನು ಇನ್ನೊಂದು ಸನಿಕೆ ಮಣ್ಣು ಎತ್ತಿ ಹಾಕಿದೆ.

“ನಿನಗ ಹೇಳಾಕತ್ತೇನಿ, ಕಾಗಿ. ನಿಂದೊಂದ ಸಾಮಾನ ನನ್ನ ಕಡೆ ಬಂದ ಬಿದ್ದೈತಿ. ಬಂದ ತುಗೊಂಡ ಹೋಗು. ನಾ ಮುಟ್ಟಾಂವಲ್ಲ.”

ಕಾಗೆಯ ಸಾಮಾನು ಎಂದರೆ ಏನಿದ್ದೀತು, ಎಲ್ಲಿಯದೋ ರೊಟ್ಟಿಯ ತುಂಡು. ಅದರ ಸಲುವಾಗಿ ಇಷ್ಟು ಮಾತೇ ಎಂದುಕೊಂಡೆ. ಒಂದು ಗಳಿಗೆ, ಈ ಮಾತು ಕಾಗೆಗಲ್ಲ, ನನಗೇ ಇರಬಹುದೇ ಎಂಬ ಸಂಶಯ ಬರದೆ ಇರಲಿಲ್ಲ. ಬಂದರೂ ಏನು ಮಾಡುವುದು? ಒಬ್ಬರ ಹೆಸರಿಗೆ ಬಂದ ಟಪಾಲನ್ನು ಇನ್ನೊಬ್ಬರು ಒಡೆದು ನೋಡಕೂಡದೆಂಬುದು ಕಚೇರಿಯಲ್ಲಿ ಕಲಿಯುವ ಮೊದಲ ಪಾಠ. ಕಾಗೆಗೆ ಹೇಳಿದ್ದನ್ನು ನಾನು ಸ್ವೀಕರಿಸುವುದು ಹೇಗೆ? ನಾನು ನನ್ನ ಸನಿಕೆಯ ಕಡೆ ತಿರುಗಿ, “ನಡಿಯವ್ವಾ, ನಮ್ಮ ಕೆಲಸ ನಾವ ಮಾಡೂಣು” ಅಂದೆ. ರುದ್ರಪ್ಪ ಇಳಿದುಹೋದ. ಕಾಗೆಯೂ ಹಾರಿತು.

ಸಂಜೆ ಗಂಗವ್ವ, ರುದ್ರಪ್ಪನ ಹೆಂಡತಿ ನೀಲವ್ವ ಹಿತ್ತಲಲ್ಲಿ ಏನೋ ಹೇಳಿದಳೆಂದು ಶುರುಮಾಡಿದಳು. ಆ ಒಡ್ಡಿನ ಸುದ್ದಿ, ಅಂದಳು. ನಾನು ಅಲ್ಲಿಗೇ ತಡೆದೆ. ಹೇಳಬೇಕಾದವರು ಎದುರಿಗೆ ಬಂದು ಹೇಳಲಿ, ಹಿತ್ತಲ ಬಾಗಿಲಿಂದ ಬಂದ ಅರ್ಜಿಗಳನ್ನು ನಾನು ವಿಚಾರಿಸುವುದಿಲ್ಲ ಎಂದೆ. ಗಂಗವ್ವ ಕಂದೀಲಿನ ಗಾಜು ಒರೆಸುತ್ತ, ಮಗಳು ಬರುವ ದಿನ ಹತ್ತಿರ ಬಂತೆಂದಷ್ಟೇ ಹೇಳಿದಳು.

ಬೀಗರು ಬಂದ ದಿನ ಮಧ್ಯಾಹ್ನದ ತನಕ ನಿಚ್ಚಳ ಬಿಸಿಲು. ಸ್ಟೇಶನ್ನಿನಿಂದ ಟಾಂಗಾದಲ್ಲಿ ಬಂದರು. ಮಗಳು ಇಳಿದು ತಾಯಿಯ ಹೆಗಲ ಮೇಲೆ ತಲೆಯಿಟ್ಟಳು. ಬೀಗರು ಪಡಸಾಲೆಯ ಕಂಬಕ್ಕೆ ಒರಗಿ ಕೂತು ರುಮಾಲು ಸರಿಮಾಡಿಕೊಂಡರು. ಅವರ ಮನೆಯಲ್ಲಿ ಮಾತಾಡುವ ಅಧಿಕಾರ ಬೀಗತಿಯವರದು. ಬಸಮ್ಮನವರು ಕಾಲು ತೊಳೆದವರೇ ಒಳಕೋಣೆಗೆ ನಡೆದರು. ಗೋಡೆಯನ್ನು ಬೆರಳಿಂದ ಬಡಿದು ನೋಡಿದರು, ಹಾಸಿಗೆಯನ್ನು ಮೂಸಿ ನೋಡಿದರು, ಮೇಲೆ ಜಂತಿಗಳನ್ನು ಒಂದೊಂದಾಗಿ ನೋಡಿದರು. ಹಳೆಯ ಕಲೆಗಳಿಗೆ ಗಂಗವ್ವ ಸುಣ್ಣ ಸವರಿದ್ದಳು.

ಆಗ ಮಳೆ ಶುರುವಾಯಿತು.

ಬಸಮ್ಮನವರು ಪಡಸಾಲೆಗೆ ಬಂದು ಕೂತು, ಒಳಕೋಣೆಯ ಮೇಲೆಯೇ ಕಣ್ಣಿಟ್ಟರು. ಗಂಗವ್ವ ಮಗಳನ್ನು ಅಡಿಗೆಮನೆಗೆ ಕರೆದೊಯ್ದು ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಮಳೆ ಏರಿತು. ಒಂದು ಹನಿ ಬೀಳಲಿಲ್ಲ. ಮಳೆ ಇನ್ನೂ ಏರಿತು. ಎಲ್ಲಿಯೂ ಒಂದು ಹನಿ ಇಲ್ಲ. ಬಿರುಕು ಬಿಟ್ಟ ಎರೆಮಣ್ಣು ನೀರು ಕುಡಿದು ಉಬ್ಬಿ ಕೂಡಿಕೊಂಡಿತ್ತು. ನನ್ನ ಒಡ್ಡು ತನ್ನ ಕೆಲಸ ಮಾಡುತ್ತಿತ್ತು. ಬಸಮ್ಮನವರ ಮುಖ ಸಡಿಲವಾಯಿತು. ಮಾಳಿಗೆ ಗಟ್ಟಿ ಐತಿ, ಅಂದರು.

ಇಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ಬೀಗರಿಗೆ ನೀರಿನ ಸ್ವಭಾವವನ್ನು ವಿವರಿಸತೊಡಗಿದೆ. ನೌಕರಿಯ ಕಾಲದ ಒಡ್ಡುಗಳನ್ನೆಲ್ಲ ತಾಲೂಕುವಾರು ಹೇಳಿದೆ. ನೀರೆಂಬುದು ಹೇಳಿದ ಮಾತು ಕೇಳುತ್ತದೆ, ಹೇಳುವವನು ಗಟ್ಟಿ ಇರಬೇಕು ಎಂದೆ. ಅಷ್ಟರಲ್ಲಿ ಒಳಕೋಣೆಯ ಜಂತಿಯೊಂದು ‘ಹ್ಞೂಂ’ ಎಂದಿತು. ಮಾಳಿಗೆಯೂ ನನ್ನ ಮಾತಿಗೆ ಒಪ್ಪಿತೆಂದು ತಿಳಿದೆ. ಎರಡನೆಯ ಜಂತಿಯೂ ಒಪ್ಪಿತು. ಆಮೇಲೆ ಎಲ್ಲ ಜಂತಿಗಳೂ ಒಮ್ಮೆಲೇ ಒಪ್ಪಿ, ಮಾಳಿಗೆ ಕೆಳಗೆ ಬಂತು.

ನೀರು ಎಂದರೆ ಇಷ್ಟು ಅಷ್ಟು ಅಲ್ಲ. ಒಂದು ಸಣ್ಣ ಕೆರೆ. ಅದು ಒಳಕೋಣೆಯನ್ನು ತುಂಬಿ, ಹೊಸ್ತಿಲು ದಾಟಿ, ಪಡಸಾಲೆಗೆ ಬಂದು, ಬೀಗರನ್ನು ಕೂತ ಜಾಗದಿಂದ ಎಬ್ಬಿಸಿತು. ಅವರು ಆ ದಿನದ ಮೊದಲ ಮಾತನ್ನು ಆಡಿದರು: “ಅಬಬಬ.” ಧೂಳು ಇಳಿದ ಮೇಲೆ ನೋಡಿದರೆ, ಬಾಣಂತಿಯ ಹೊರಸಿನ ಮೇಲೆ ಸಮತಟ್ಟಾಗಿ ಎರೆಮಣ್ಣು, ಅದರ ಮೇಲೆ ನೆಟ್ಟಗೆ ನಿಂತ ಜೋಳದ ಸಸಿಗಳು. ಹೊಲದ ಮಣ್ಣಿನಲ್ಲಿದ್ದ ಕಾಳು ಮಾಳಿಗೆಯ ಮೇಲೆ ಮೊಳೆತಿದ್ದವು. ಕಂದಾಯ ಹಾಕಬಹುದಾದಂಥ ಜಮೀನು.

ಬಸಮ್ಮನವರು ಸಿಟ್ಟು ಮಾಡಲಿಲ್ಲ. ಸೆರಗು ಬಿಗಿದುಕೊಂಡರು.

“ಶಾಂತಾ, ಗಂಟ ಬಿಚ್ಚಬ್ಯಾಡ. ಟಾಂಗಾದಾಂವಗ ನಿಲ್ಲಾಕ ಹೇಳ್ರಿ ಯಾರರೆ.”

ಗಂಗವ್ವ ಅಳಲಿಲ್ಲ. ಕೂಸಿನ ಬಟ್ಟೆಯ ಮಡಿಕೆಯೊಂದು ಅವಳ ಕೈಯಲ್ಲಿತ್ತು. ಎಲ್ಲಿಡಬೇಕೆಂದು ತಿಳಿಯದವಳ ಹಾಗೆ ಅದನ್ನು ಹಿಡಿದುಕೊಂಡೇ ನನ್ನನ್ನು ನೋಡಿದಳು. ನನ್ನ ನೌಕರಿಯಲ್ಲಿ ಕಲೆಕ್ಟರ ಸಾಹೇಬರೂ ನನ್ನನ್ನು ಹಾಗೆ ನೋಡಿರಲಿಲ್ಲ. ಏನೋ ಹೇಳಬೇಕೆಂದು ಬಾಯಿ ತೆರೆದೆ. ಮೇಲಿಂದ ಒಂದು ಹಿಡಿ ಮಣ್ಣು ಬಿತ್ತು. ಬಾಯಿ ಮುಚ್ಚಿಕೊಂಡೆ.

ಅಷ್ಟರಲ್ಲಿ ಸದ್ದು ಕೇಳಿ ನೀಲವ್ವ ಓಡಿಬಂದಳು. ಹಿಂದೆ ರುದ್ರಪ್ಪ, ಅವನು ಹೊಸ್ತಿಲ ಆಚೆಯೇ ನಿಂತ. ಮಾತು ಬಿಟ್ಟ ಮನೆಯೊಳಗೆ ಕರೆಯದೆ ಹೇಗೆ ಬಂದಾನು? ನೀಲವ್ವ ಕೋಣೆಯನ್ನು ನೋಡಿದಳು, ಗಂಗವ್ವನನ್ನು ನೋಡಿದಳು, ಬಸಮ್ಮನವರ ಕೈ ಹಿಡಿದಳು.

“ನಮ್ಮ ಮನಿಗೂ ಇವರ ಮನಿಗೂ ನಡುವ ಇರೂದ ಒಂದ ಗ್ವಾಡಿರಿ, ಯಕ್ಕಾರ. ನಮ್ಮ ಕ್ವಾಣಿ ಒಣಗೈತಿ. ಶಾಂತಾ ನಮ್ಮಲ್ಲಿರಲಿ, ಬಾಣಂತನ ಅವರವ್ವನ ಮಾಡ್ಲಿ. ಗ್ವಾಡಿಯ ಯಾವ ಕಡೆ ಹುಟ್ಟೇನಿ ಅಂತ ಕೂಸಿಗೇನ ಗೊತ್ತಾಗತೈತಿ?”

ಬಸಮ್ಮನವರು ಆ ಮನೆಗೆ ಹೋಗಿ ಆ ಕೋಣೆಯನ್ನೂ ಬಡಿದು, ಮೂಸಿ, ನೋಡಿಬಂದರು. ಬಂದು ನೀಲವ್ವನಿಗೆ ಒಂದೇ ಪ್ರಶ್ನೆ ಕೇಳಿದರು.

“ನಿಮ್ಮ ಮಾಳಿಗಿಗೆ ಈ ನಮ್ಮ ಬೀಗರ ಕೈ ಹತ್ತೈತೇನು?”

“ಇಲ್ಲ ಬಿಡ್ರಿ. ಗೌಂಡಿ ಮಾಡ್ಯಾನ.”

“ಹಂಗಾರ ಆಗಬಹುದು. ಆದ್ರ ಕೂಸಿನ ಅಜ್ಜಾರ ತಮ್ಮ ಬಾಯಿಂದ ಕೇಳಬೇಕು. ಗಂಡಸರು ಮಾರಿ ತಿರಿವಿಕೊಂಡ ನಿಂತ ಮನ್ಯಾಗ ನಾ ಸೊಸೀನ ಬಿಡೂದಿಲ್ಲ.”

ಎಲ್ಲರೂ ನನ್ನ ಕಡೆ ನೋಡಿದರು. ನಾನು ಸುತ್ತ ನೋಡಿದೆ. ಕಂಬವಿತ್ತು, ಛತ್ರಿ ಇತ್ತು. ಅವುಗಳಿಗೆ ಹೇಳಿ ಅವನಿಗೆ ಮುಟ್ಟಿಸಬಹುದಿತ್ತು. ಆದರೆ ಗಂಗವ್ವನ ಕೈಯಲ್ಲಿ ಆ ಬಟ್ಟೆ ಇನ್ನೂ ಹಾಗೆಯೇ ಇತ್ತು. ಹೊಸ್ತಿಲ ಕಡೆ ಎರಡು ಹೆಜ್ಜೆ ನಡೆದೆ. ಅಷ್ಟು ವರ್ಷ ಬಾಯಿಗೆ ಬಾರದ ಹೆಸರು ಎರಡು ಕಂತಿನಲ್ಲಿ ಹೊರಗೆ ಬಂತು.

“ರುದ್ರಪ್ಪ… ರುದ್ರಪ್ಪನವರ, ನಿಮ್ಮ ಮನ್ಯಾಗ ನನ್ನ ಮಗಳಿಗೆ ಜಾಗಾ ಕೊಡ್ರಿ.”

ಅವರು ಹೆಗಲ ಮೇಲಿನ ವಸ್ತ್ರದಿಂದ ಮುಖದ ಮೇಲಿನ ಮಳೆನೀರು ಒರೆಸಿಕೊಂಡರು.

“ಅಕಿ ಹಾಸಿಗಿ ಆಗಳೇ ಹಾಸ್ಯಾರ್ರಿ” ಅಂದರು. “ಕೇಳೂದಕ್ಕ ನೀವೊಬ್ಬರ ಉಳದಿದ್ರಿ.”

ಬಸಮ್ಮನವರು ಸೊಸೆಯನ್ನು ಬಿಟ್ಟುಹೋದರು. ಹೋಗುವಾಗ ಒಂದು ಷರತ್ತು ಹಾಕಿದರು: ಹೆರಿಗೆಯಾಗುವ ತನಕ ನಾನು ಯಾವ ಮಾಳಿಗೆಯನ್ನೂ ಹತ್ತಕೂಡದು. ಅದನ್ನು ನನಗೆ ಹೇಳಲಿಲ್ಲ. ಗಂಗವ್ವನಿಗೆ ಹೇಳಿ, ನಿಚ್ಚಣಿಕೆಯನ್ನು ರುದ್ರಪ್ಪನವರ ಮನೆಗೆ ಸಾಗಿಸುವುದನ್ನು ನಿಂತು ನೋಡಿ, ಆಮೇಲೆ ಟಾಂಗಾ ಹತ್ತಿದರು.

ಆದ್ದರಿಂದ ಮರುದಿನ ಬೆಳಿಗ್ಗೆ ನಾನು ಮೇಲೆ ಹತ್ತಿದ್ದು ಷರತ್ತಿನ ಭಂಗವೇ. ಆದರೆ ಕರೆದವರು ನಿಚ್ಚಣಿಕೆಯ ಸದ್ಯದ ಒಡೆಯರು. ಮೇಲೆ ರುದ್ರಪ್ಪನವರು ಕುಂಬಿಯ ಬಳಿ ನಿಂತು ಸುತ್ತ ನೋಡಿದರು.

“ಕಾಗಿ ಇಲ್ಲ. ನಿಮಗ ಹೇಳಬೇಕಾತು.”

ಹೇಳಿದರು. ಎರಡೂ ಮನೆಗಳನ್ನು ಕಟ್ಟಿಸಿದ ನಮ್ಮ ಅಜ್ಜಂದಿರು ಗೆಳೆಯರು. ಎರಡು ಮಾಳಿಗೆಗೂ ಕೂಡಿ ಒಂದೇ ದೋಣಿ ಇಡಿಸಿದ್ದರು; ನೀರು ಓಣಿಗೆ ಬೀಳುವ ಆ ಕಲ್ಲಿನ ದೋಣಿ ರುದ್ರಪ್ಪನವರ ಮುಂಭಾಗದಲ್ಲಿತ್ತು. ನನ್ನ ಮಾಳಿಗೆಯ ಇಳಿಜಾರೆಲ್ಲ ಆ ಕಡೆಗೇ. ಕಲ್ಲಿನ ಸಾಲಿನ ಸಂದುಗಳನ್ನು ನನ್ನ ನೀರು ದಾಟಿಹೋಗಲೆಂದೇ ಬಿಟ್ಟಿದ್ದರು. ಜನ್ಮವಿಡೀ ವರ್ಗಾವಣೆಯಲ್ಲಿ ಕಳೆದ ನನಗೆ ಇದು ಗೊತ್ತಿರಲಿಲ್ಲ. ಓಣಿಯಲ್ಲಿ ಉಳಿದವರಿಗೆಲ್ಲ ಗೊತ್ತಿತ್ತು. ನಾನು ಶತ್ರುವಿನ ನೀರನ್ನು ತಡೆಯಲೆಂದು ಕಟ್ಟಿದ ಒಡ್ಡು ನನ್ನ ನೀರು ಹೊರಗೆ ಹೋಗುವ ಒಂದೇ ಹಾದಿಯನ್ನು ಮುಚ್ಚಿತ್ತು.

ಹಾಗಾದರೆ ಮೊದಲು ನಿಮ್ಮ ಕಡೆಯಿಂದ ನೀರು ಬಂದದ್ದು ನಾನು ಕಣ್ಣಾರೆ ಕಂಡೆನಲ್ಲ ಎಂದು ತಕರಾರು ಎತ್ತಿದೆ. ರುದ್ರಪ್ಪನವರು ದೋಣಿಯ ಬಾಯಿ ತೋರಿಸಿದರು. ನವಲಗುಂದದ ತಗಡು ಅಲ್ಲಿ ನೆಟ್ಟಗೆ ಸಿಕ್ಕಿಕೊಂಡು ದೋಣಿಯನ್ನು ಅಚ್ಚುಕಟ್ಟಾಗಿ ಮುಚ್ಚಿತ್ತು. ಎರಡು ಮನೆಯ ನೀರು ಅಲ್ಲಿ ನಿಂತು ನನ್ನ ಕಡೆ ಹಿಂದಕ್ಕೆ ಬರುತ್ತಿತ್ತು. ತೆಗೆದುಹಾಕಬಾರದಿತ್ತೇ ಎಂದು ಕೇಳಿದೆ.

“ನಿಮ್ಮ ಸಾಮಾನ ಮುಟ್ಟಿದ್ರ ನೀವು ಪಂಚನಾಮಿ ಮಾಡಸ್ತೀರಿ, ಕಾರಕೂನರ. ಅದಕ್ಕ ಕಾಗಿಗೆ ಹೇಳಿದ್ದೆ.”

ಅದು ನಿಜ. ಮಾಡಿಸುತ್ತಿದ್ದೆ.

ಇಬ್ಬರೂ ಕೂಡಿ ತಗಡನ್ನು ಎತ್ತಿ, ಉಳಿದ ಒಡ್ಡನ್ನು ಒಡೆದೆವು. ಮಾಳಿಗೆಯನ್ನು ಗೌಂಡಿ ಬಂದು ಸವಳು ಮಣ್ಣಿನಿಂದ ಮಾಡಿದ. ಅವನೊಡನೆ ಮಾತು ಶುರುಮಾಡುವ ಕೆಲಸವನ್ನು ಗಂಗವ್ವನಿಗೆ ಒಪ್ಪಿಸಿದೆ. ಶಾಂತಾ ಗೋಡೆಯ ಆ ಕಡೆ ಹೆಣ್ಣು ಹೆತ್ತಳು. ತಾಯಿ ಕೂಸು ಇಬ್ಬರೂ ಬೆಚ್ಚಗಿದ್ದರು. ನಾನು ದಿನಾ ಹೋಗಿ ಹೊಸ್ತಿಲಲ್ಲಿ ನಿಂತು ಕೆಮ್ಮುತ್ತಿದ್ದೆ. ನೀಲವ್ವ ಕೂಸನ್ನು ತಂದು ತೋರಿಸುವಾಗ ಪ್ರತಿ ಸಲವೂ, ಅಜ್ಜಾರ, ಮಾಳಿಗಿ ಕಡೆ ನೋಡಬ್ಯಾಡ್ರಿ, ಕೂಸಿನ ಕಡೆ ನೋಡ್ರಿ ಎನ್ನುತ್ತಿದ್ದಳು.

ಮನೆಯಲ್ಲಿ ಸದ್ದಡಗಿದ ಮೇಲೆ ನಾನು ಇಡೀ ಪ್ರಕರಣವನ್ನು ಶಾಂತವಾಗಿ ವಿಚಾರಣೆ ಮಾಡಿದೆ. ನಷ್ಟ ಆದದ್ದು ನಿಜ, ಅವಮಾನ ಆದದ್ದು ನಿಜ, ಯಾರಾದರೊಬ್ಬರು ಹೊಣೆಯಾಗಲೇಬೇಕು. ಗಂಗವ್ವ ಮಣ್ಣಿನ ವಿಷಯ ಮೊದಲೇ ಎಚ್ಚರಿಸಿದ್ದಳು. ಗೌಂಡಿ ಊರಲ್ಲೇ ಇದ್ದ, ಕರೆದಿರಲಿಲ್ಲ. ರುದ್ರಪ್ಪನವರು ಸಕಾಲದಲ್ಲಿ ಸೂಚನೆ ಕೊಟ್ಟಿದ್ದರು. ಕಾಗೆ ಅದಕ್ಕೆ ಸಾಕ್ಷಿ. ಎಷ್ಟು ಸಲ ಮೊದಲಿಂದ ನೋಡಿದರೂ ಕೊನೆಗೆ ಒಬ್ಬನೇ ಮನುಷ್ಯ ಉಳಿಯುತ್ತಿದ್ದ.

ನಿಯಮವೆಂದರೆ ನಿಯಮ. ನನ್ನ ಮಗಳ ಕೋಣೆಗೆ ನೀರು ಬಿಟ್ಟವನೊಡನೆ ನಾನು ಮಾತಾಡುವುದಿಲ್ಲ. ಅವನೊಡನೆಯೂ ಮಾತು ಬಿಟ್ಟೆ. ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುವಾಗ ಕನ್ನಡಿಯಲ್ಲಿ ಎದುರಾದರೆ ಮುಖ ತಿರುಗಿಸಿದೆ. ವಿಭೂತಿ ಕಿವಿಗೆ ಹತ್ತಿತು. ಒಬ್ಬನೇ ಕೂತಾಗ ಏನಾದರೂ ಹೇಳಬೇಕೆನಿಸಿದರೆ ತುಟಿ ಬಿಗಿದುಕೊಂಡೆ. ಅವನೂ ಹಟಮಾರಿ, ತಾನಾಗಿ ಮಾತಾಡಿಸಲಿಲ್ಲ. ಆದರೂ ಹೆಚ್ಚು ದಿನ ನಡೆಸಲಾಗಲಿಲ್ಲ. ನಾನು ಹೇಳುವುದನ್ನು ಕೊನೆಯ ತನಕ ಕೂತು ಕೇಳುವವನು ಈ ಮನೆಯಲ್ಲಿ ಅವನೊಬ್ಬನೇ ಉಳಿದಿದ್ದ.